ಮಳೆಗಾಲಕ್ಕೆ ಒಳಗಿಟ್ಟ ಮೋಟಾರ್ ಸೈಕಲ್ಲು

ಅವತ್ತು ಅಲ್ಲಿ ಯಾರ್ಯಾರಿದ್ದೆವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೃಗಶಿರಾ ಮಳೆ ಇವತ್ತೋ ನಾಳೆಯೋ ಅನ್ನುತ್ತಿದ್ದ ಒಂದು ಬೆಳಗ್ಗೆ, ನಮ್ಮೂರ ಗೌಡರ ಮನೆಯ ಅಂಗಳ. ಜಗುಲಿಯ ಮೇಲೆ ಗೌಡರು. ಅವರ ಪಕ್ಕದ ಕಂಬಕ್ಕೆ ಒರಗಿ ಅವರ ಭಾಮೈದ. ಹಾಸನದಲ್ಲಿ ಓದಿ ಬಂದವನು, ಕೈಗಡಿಯಾರ ಕಾಣಲಿ ಎಂದು ಅಂಗಿಯ ತೋಳು ಮಡಿಸಿಕೊಂಡಿದ್ದ. ಹೊಸ್ತಿಲ ಒಳಮಗ್ಗುಲಲ್ಲಿ ಮೊರ ಹಿಡಿದು ರಾಗಿ ಹಸನು ಮಾಡುತ್ತಾ ಗೌಡರ ತಾಯಿ. ಅಂಗಳದಲ್ಲಿ ಮೋಟಾರ್ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ ನನ್ನ ಸೋದರಮಾವ. ಅವನ ಪಕ್ಕ, ಆ ಗಾಡಿಯ ಇಂಗ್ಲಿಷ್ ಪುಸ್ತಕ ಹಿಡಿದು ನಿಂತ ನಾನು.

ಮಾವನನ್ನು ಬಿಟ್ಟರೆ ನಾಲ್ಕು ಜನ. ಅವನು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗನ್ನು ತಿರುಪಿ, ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ದನ್ನು ನಾಲ್ಕು ಜನವೂ ಕಂಡೆವು. ಎಂಟು ಕಣ್ಣು. ಆಮೇಲೆ ಅದರಲ್ಲಿ ನಾಲ್ಕು ಕಣ್ಣು ಏನನ್ನೂ ಕಾಣದವಾದವಲ್ಲ, ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ನಯಾಪೈಸೆ ಬಂದ ಹೊಸದರ ಮಾತು ಇದು. ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಆ ದಾರಿ ಆಗ ಮಳೆಗಾಲದಲ್ಲಿ ದಾರಿಯೇ ಅಲ್ಲ. ಎತ್ತಿನ ಗಾಡಿ ಚಕ್ರದ ಗುಂಬದವರೆಗೂ ಹೂತುಕೊಳ್ಳುವ ಕೆಸರು. ಆದ್ದರಿಂದ ಗೌಡರ ಮೋಟಾರ್ ಸೈಕಲ್ಲು ಮೃಗಶಿರಾ ಮಳೆಗೆ ಒಳಗೆ ಹೋದರೆ ಮಾರ್ನಮಿಯ ಆಯುಧ ಪೂಜೆಗೇ ಈಚೆ ಬರುತ್ತಿದ್ದದ್ದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಬಣ್ಣ ಬಳಿದಿದ್ದರೂ ಅಲ್ಲಲ್ಲಿ ಹಳೆಯ ಹಸಿರು ಇಣುಕುತ್ತಿತ್ತು.

ಅಂಥದೇ ಗಾಡಿಯನ್ನು ನನ್ನ ಮಾವ ಬರ್ಮಾದ ಕಾಡಿನಲ್ಲಿ ಓಡಿಸಿದ್ದವನು, ಬಿಚ್ಚಿ ಜೋಡಿಸಿದ್ದವನು. ಸುತ್ತ ಹತ್ತೂರಿನಲ್ಲಿ ಇಂಜಿನ್ನಿನ ಹೊಟ್ಟೆಯ ಒಳಗೆ ಏನಿದೆ ಎಂದು ಬಲ್ಲವನು ಅವನೊಬ್ಬನೇ. ಆದರೆ ನಮ್ಮ ಮನೆ ಇದ್ದದ್ದು ಊರಾಚೆಯ ಕೇರಿಯಲ್ಲಿ. ಗೌಡರ ಅಂಗಳದವರೆಗೆ ಅವನಿಗೆ ದಾರಿ. ಜಗುಲಿಯ ಮೆಟ್ಟಿಲು ದಾರಿಯಲ್ಲ. ಗಾಡಿ ಅಂಗಳದಲ್ಲಿದ್ದಾಗ ಅವನು ಅದರ ಮೈಯೆಲ್ಲ ಮುಟ್ಟಬಹುದು. ಮಳೆಗಾಲಕ್ಕೆ ಅದು ನಡುಮನೆಗೆ ಹೋಗುವಾಗ ಅದರ ಮೇಲೆ ಅರಿಸಿನದ ನೀರು ಚಿಮುಕಿಸುತ್ತಿದ್ದರು, ಅವನ ಕೈ ಸೋಕಿದ್ದು ತೊಳೆದುಹೋಗಲಿ ಎಂದು. ಒಳಗೆ ಹೋದ ಮೇಲೆ ನಾಲ್ಕು ತಿಂಗಳು ಅವನು ಅದನ್ನು ಕಣ್ಣಿನಿಂದಲೂ ನೋಡುವಂತಿಲ್ಲ.

ಕೇರಿಯವರೆಲ್ಲ ಗೌಡರನ್ನು ‘ಬುದ್ದಿ’ ಎನ್ನುತ್ತಿದ್ದರು. ಮಾವ ಮಿಲಿಟರಿಯಲ್ಲಿ ಕಲಿತದ್ದನ್ನು ಬಿಡದೆ ‘ಸಾ’ ಎನ್ನುತ್ತಿದ್ದ. ಗೌಡರ ಕಿವಿಗೆ ಅದು ಪ್ರತಿ ಸಲವೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು ಅಂತ ಕಾಣುತ್ತದೆ.

ನಾನು ಆಗ ಸಾಲಗಾಮೆಯಲ್ಲಿ ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದೆ. ಶಾಲೆ ತೆರೆಯುವ ಮುಂಚೆ ಊರಿಗೆ ಬಂದಾಗ ಮಾವ ಕರೆದುಕೊಂಡು ಹೋಗಿದ್ದ. “ಬಾರಯ್ಯ ಮೇಷ್ಟ್ರೇ, ನನ್ನ ಕೈಗೆ ಗೊತ್ತಿರೋದು ಪುಸ್ತಕಕ್ಕೂ ಗೊತ್ತೈತಾ ನೋಡವಾ” ಎಂದು. ಪುಸ್ತಕದಲ್ಲಿ ಇದ್ದದ್ದು ಇಷ್ಟು: ಪೆಟ್ರೋಲು ಪೂರಾ ಇಳಿಸಿ, ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಒಂದು ಚಮಚ ಇಂಜಿನ್ ಎಣ್ಣೆ ಬಿಡಿ, ಕಿಕ್ಕಿನ ಪೆಡಲನ್ನು ಮೆಲ್ಲಗೆ ಎರಡು ಮೂರು ಸಲ ಒತ್ತಿ, ಪ್ಲಗ್ಗನ್ನು ಮತ್ತೆ ಹಾಕಿ ಬಿಗಿ ಮಾಡಿ, ಚಕ್ರ ನೆಲ ಮುಟ್ಟದ ಹಾಗೆ ನಿಲ್ಲಿಸಿ. ನಾನು ಒಂದೊಂದೇ ಓದಿ ಕನ್ನಡ ಮಾಡುವಷ್ಟರಲ್ಲಿ ಅವನು ಅದನ್ನು ಮಾಡಿ ಮುಗಿಸಿ ಮುಂದಿನದಕ್ಕೆ ನನ್ನ ಮುಖ ನೋಡುತ್ತಿದ್ದ.

ಎಣ್ಣೆಯ ಮಾತು ಬಂದಾಗ ಗೌಡರ ತಾಯಿ ಒಳಗಿನಿಂದಲೇ ಕೇಳಿದರು: “ಯಾವ ಎಣ್ಣೆಲಾ ಅದು? ನಾ ಕಾಸಿರೋ ಅರಳೆಣ್ಣೆ ಐತೆ, ಕೊಡ್ಲಾ?”

“ಬ್ಯಾಡ ಕಣವ್ವ. ನಿಮ್ಮ ಅರಳೆಣ್ಣೆ ತಲೆಗೆ ತಂಪು. ಇದರ ಒಳಗೆ ಬಿಟ್ಟು ನಾಕು ತಿಂಗಳು ಮಡಗಿದ್ರೆ ಅಂಟಾಯ್ತದೆ.”

ಭಾಮೈದ ನಕ್ಕ. “ಗಾಡಿ ಕೀಲಿಗೆ ತಲತಲಾಂತರದಿಂದ ಅರಳೆಣ್ಣೆ ಆಯ್ತದೆ. ಇದೇನು ಇಂದ್ರಲೋಕದಿಂದ ಇಳಿದು ಬಂದದಾ?”

ಮಾವ ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸಿ, ಬೆರಳಿನಿಂದ ತಿರುಪಿ, ಸ್ಪ್ಯಾನರ್ ಹಾಕಿ ಬಿಗಿ ಮಾಡಿದ. ಅರಿಸಿನದ ನೀರು ಬಂತು. ಗಾಡಿ ಒಳಗೆ ಹೋಯಿತು. ನಾವು ಕೇರಿಗೆ ಬಂದೆವು.

ಆ ವರ್ಷ ಮಾವನಿಗೆ ಒಂದು ಆಸೆ ಹುಟ್ಟಿತ್ತು. ಚನ್ನರಾಯಪಟ್ಟಣದ ಒಬ್ಬ ಬಸ್ಸಿನ ಮಾಲೀಕರು ಅವನ ಕೈಚಳಕದ ಸುದ್ದಿ ಕೇಳಿ, ವಿಜಯದಶಮಿಯ ಮೇಲೆ ತಮ್ಮ ಷೆಡ್ಡಿಗೆ ಮೆಕ್ಯಾನಿಕ್ಕಾಗಿ ಬಾ ಎಂದಿದ್ದರು. ತಿಂಗಳ ಸಂಬಳ, ಮಲಗಲು ಒಂದು ಕೋಣೆ. ಅವರು ಕೇಳಿದ್ದು ಒಂದೇ: ನಿಮ್ಮೂರ ಗೌಡರಿಂದ ಒಂದು ಒಳ್ಳೆಯ ಮಾತು. ಮಾವನಿಗೆ ಅದು ದೊಡ್ಡದೆನಿಸಲಿಲ್ಲ. ಎಷ್ಟೋ ವರ್ಷದಿಂದ ಆ ಗಾಡಿಯನ್ನು ಮಗುವಿನ ಹಾಗೆ ನೋಡಿಕೊಂಡವನಿಗೆ ಒಂದು ಮಾತು ಹುಟ್ಟದೇ ಹೋಗುತ್ತದೆಯೇ?

ದಸರಾ ರಜಕ್ಕೆ ನಾನು ಊರಿಗೆ ಬಂದೆ. ಮಾರ್ನಮಿಗೆ ಇನ್ನು ಐದು ದಿನ ಇರುವಾಗ ಗೌಡರ ಆಳು ಕೂಗಲು ಬಂದ. ಹೋದೆವು. ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದರು. ಪ್ಲಗ್ಗಿರಬೇಕಾದ ಜಾಗದಲ್ಲಿ ಹಳೆಯ ಪಂಚೆಯ ಚೂರೊಂದನ್ನು ಉಂಡೆ ಮಾಡಿ ತುರುಕಿತ್ತು.

ಮಾವ ಹತ್ತಿರ ಹೋಗಿ ಬಗ್ಗುವ ಮೊದಲೇ ಗೌಡರು ಗದರಿದರು: “ಕೈ ತೆಗಿಲಾ! ಪ್ಲಗ್ಗೆಲ್ಲಿ?”

“ನನ್ನ ಕೇಳಿದ್ರೆ, ಸಾ? ನಾನು ಆಕಿ ಬಿಗಿ ಮಾಡಿದ್ದು ನೀವೇ ನೋಡಿದ್ರಲ್ಲ.”

“ಏನೋ ತಿರುವ್ತಿದ್ದೆ. ಆಕ್ದೋ ತಗದ್ಯೋ ನಂಗೇನು ಗೊತ್ತು? ಅದ ಬಿಚ್ಚಾಕೆ ಬರೋನು ಊರಲ್ಲಿ ನೀನೊಬ್ನೆಯಾ.”

“ಅಂಗಾದ್ರೆ ಕದಿಯೋಕೂ ನಾನೊಬ್ನೆಯಾ, ಸಾ?”

“ಬಾಯಿ ಬೇರೆ!”

ಮಾವ ಮೆಲ್ಲಗೆ ಹೇಳಿದ: “ಗಾಡಿ ನಿಮ್ಮ ನಡುಮನೇಲಿತ್ತು. ನಡುಮನೆ ಬಣ್ಣ ಯಾವದು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಒಳಕ್ಕೆ ಬುಡದೆ ಇರೋರು ನೀವು, ಒಳಗೆ ಕದ್ದೋನು ನಾನಾ?”

ಇದಕ್ಕಿಂತ ನೇರವಾದ ಮಾತನ್ನು ನಾನು ಈವರೆಗೆ ಯಾವ ಕೋರ್ಟು ಕಚೇರಿಯಲ್ಲೂ ಕೇಳಿಲ್ಲ. ಅಂಥ ಮಾತಿಗೆ ದೊಡ್ಡವರು ಏನು ಮಾಡುತ್ತಾರೋ ಅದನ್ನೇ ಗೌಡರು ಮಾಡಿದರು. ಎದ್ದು ಒಳಗೆ ಹೋದರು. ನಾನು ಭಾಮೈದನ ಕಡೆ ನೋಡಿದೆ. “ನೀವೂ ಇದ್ದಿರಿ. ಕಂಡಿದ್ದೀರಿ” ಎಂದೆ. ಅವನು ಕೈಗಡಿಯಾರ ನೋಡಿಕೊಂಡ. ಕಂಡವರಲ್ಲಿ ಇನ್ನೊಬ್ಬರಿದ್ದರಲ್ಲ, ಗೌಡರ ತಾಯಿ, ಅವರು ಅರಕಲಗೂಡಿನ ಮಗಳ ಮನೆಗೆ ಬಾಣಂತನಕ್ಕೆ ಹೋಗಿದ್ದರು.

ಗಾಡಿ ಇಲ್ಲದೆ ಆಯುಧ ಪೂಜೆ ಹೇಗೆ? ಮಾರನೆಯ ದಿನ ಗೌಡರಿಂದ ಅಪ್ಪಣೆ ಬಂತು: ಭಾಮೈದನ ಜೊತೆ ಹಾಸನಕ್ಕೆ ಹೋಗಿ ಹೊಸ ಪ್ಲಗ್ಗು ಆರಿಸಿ ತರಬೇಕು. ಕದ್ದವನು ಎಂದು ಬೈದ ಬಾಯಿಂದಲೇ ಆರಿಸಿಕೊಂಡು ಬಾ ಎಂದೂ ಹೇಳಿಸಿದ್ದರು! ನಾನು ಹೋಗಬೇಡ ಎಂದೆ. ಮಾವ ಕೇಳಲಿಲ್ಲ. “ಗಾಡಿ ಒಂದು ಸಲ ಸ್ಟಾರ್ಟ್ ಆದ್ರೆ ಸತ್ಯ ತಾನೇ ಈಚೆ ಬತ್ತದೆ. ಇಂಜಿನ್ನು ಸುಳ್ಳು ಯೋಳಾಕಿಲ್ಲ ಕಣಯ್ಯ” ಎಂದ. ಮನೆಯ ಗೂಡಿನಲ್ಲಿ ಅವನು ಒಂದು ಹಳೆಯ ಪ್ಲಗ್ಗು ಇಟ್ಟಿದ್ದ. ಎರಡು ವರ್ಷದ ಹಿಂದೆ ಪಿಂಗಾಣಿ ಸೀಳಿತೆಂದು ಗೌಡರೇ ಬಿಸಾಡಿದ್ದು. ಅಳತೆಗೆ ಇರಲಿ ಎಂದು ಅದನ್ನು ಜೇಬಿಗೆ ಹಾಕಿಕೊಂಡ. ನಾನೂ ಜೊತೆಗೆ ಹೊರಟೆ.

ಹಾಸನದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಬಿಡಿಭಾಗ ಮಾರುವ ಒಂದು ಅಂಗಡಿ. ಅಂಗಡಿಯವನು ಎರಡು ಪ್ಲಗ್ಗು ತೆಗೆದು ಹಲಗೆಯ ಮೇಲಿಟ್ಟ. ಎರಡರ ಮರೆಯೂ, ಅಂದರೆ ತಿರುಪಿ ಕೂರಿಸುವ ಸುತ್ತುಗೆರೆಯ ಭಾಗವೂ, ಒಂದೇ ದಪ್ಪ. ಆದರೆ ಒಂದರ ಮರೆ ಗಿಡ್ಡ, ಇನ್ನೊಂದರದು ಬೆರಳಿನ ಅರ್ಧ ಗೆಣ್ಣಿನಷ್ಟು ಉದ್ದ. ಮಾವ ಜೇಬಿನಿಂದ ಹಳೆಯ ಪ್ಲಗ್ಗು ತೆಗೆದು ಗಿಡ್ಡದರ ಪಕ್ಕಕ್ಕೆ ಇಟ್ಟ. ಎರಡೂ ಅವಳಿ ಜವಳಿಯ ಹಾಗೆ ನಿಂತವು.

ಅಷ್ಟೇ ಸಾಕಾಯಿತು ಭಾಮೈದನಿಗೆ. ಅಂಗಡಿಗೆಲ್ಲ ಕೇಳುವ ಹಾಗೆ ಕೂಗಿದ: “ನೋಡುದ್ರಾ! ಕದ್ದಿದ್ದು ಜೇಬಿಂದ ಈಚೆಗೆ ಬಂತು!”

ಅಂಗಡಿಯವನು ನಕ್ಕ. ಪಕ್ಕದಲ್ಲಿ ಫ್ಯಾನ್ ಬೆಲ್ಟು ಕೊಳ್ಳಲು ನಿಂತಿದ್ದ ಒಬ್ಬ ಡ್ರೈವರೂ ತಿರುಗಿ ನೋಡಿದ. ನಾನು ಆ ಪ್ಲಗ್ಗನ್ನು ಎತ್ತಿ, “ಸ್ವಾಮಿ, ಪಿಂಗಾಣಿ ಎರಡು ಸೀಳಾಗಿದೆ, ಇದು ಬಿಸಾಡಿದ ಮಾಲು, ನೋಡಿ” ಎಂದು ತೋರಿಸಿದೆ. “ನಿಮ್ಮನ್ನ ಕೇಳ್ಲಿಲ್ವಲ್ಲ” ಎಂದ ಅಂಗಡಿಯವನು. ಡ್ರೈವರು ಬೆಲ್ಟು ಹೆಗಲಿಗೆ ಹಾಕಿಕೊಂಡು ಹೊರಟ. ಅವನು ಚನ್ನರಾಯಪಟ್ಟಣದ ಅದೇ ಮಾಲೀಕರ ಬಸ್ಸಿನವನು ಎಂದು, ಮಾಲೀಕರ ಹೆಸರು ಬರೆದಿದ್ದ ಅವನ ಬಸ್ಸು ಅಂಗಡಿಯ ಮುಂದಿನಿಂದ ಹಾದುಹೋದಾಗಲೇ ನಮಗೆ ಗೊತ್ತಾದದ್ದು. ಮಾವ ಆ ಬಸ್ಸಿನ ಬೆನ್ನನ್ನೇ ನೋಡುತ್ತಾ ನಿಂತ.

ಆಮೇಲೆ ನಡೆದ ವ್ಯಾಪಾರ ಹೀಗೆ.

“ಇವೆರಡರ ಬೆಲೆ ಎಷ್ಟೆಷ್ಟು?” ಭಾಮೈದ ಕೇಳಿದ.

“ಎರಡೂ ಒಂದೇ ಸಾರ್.”

“ಅಂಗಾದ್ರೆ ಗಿಡ್ಡದ್ದು ತಗೊಳ್ಳೋಕೆ ನಂಗೇನು ತಲೆ ಕೆಟ್ಟದಾ? ಉದ್ದದ್ದು ಕೊಡಿ.”

“ಸಾ, ಬ್ಯಾಡ” ಎಂದ ಮಾವ. “ತೂತಿಗೆ ತಕ್ಕಷ್ಟೇ ಇರ್ಬೇಕು. ಉದ್ದ ಆದ್ರೆ ಒಳಗಿನ ಪಿಸ್ಟನ್ನು ಮ್ಯಾಲಕ್ಕೆ ಬಂದಾಗ ಗುದ್ದುತದೆ.”

ಅಂಗಡಿಯವನು ಮಾವನ ಮುಖವನ್ನೂ ನೋಡದೆ ಭಾಮೈದನಿಗೆ ಹೇಳಿದ: “ಉದ್ದ ಇದ್ದಷ್ಟೂ ಕಿಡಿ ಒಳಕ್ಕೆ ಓಯ್ತದೆ ಸಾರ್. ತಗೊಂಡೋಗಿ, ಒಳ್ಳೇ ಮಾಲು.”

ಕೊಡಲಿ ಕಾವು ಕೊಳ್ಳುವಾಗ, ಕಣ್ಣಿ ಹಗ್ಗ ಕೊಳ್ಳುವಾಗ ನಮ್ಮ ಕಡೆಯವರೆಲ್ಲ ಹಾಗೆಯೇ. ಒಂದೇ ಬೆಲೆಗೆ ಉದ್ದದ್ದು ಸಿಕ್ಕುವಾಗ ಗಿಡ್ಡದ್ದನ್ನು ಮುಟ್ಟುವುದಿಲ್ಲ. ಅದು ತಪ್ಪು ಎನ್ನಲಾರೆ, ನಮ್ಮವ್ವನೂ ಪೊರಕೆಯನ್ನು ಹಾಗೇ ಆರಿಸುತ್ತಿದ್ದಳು. ಆದರೆ ಬಲ್ಲವನೊಬ್ಬ ಪಕ್ಕದಲ್ಲಿ ನಿಂತು ಬೇಡ ಎನ್ನುತ್ತಿರುವಾಗ, ಅವನು ಯಾವ ಕೇರಿಯವನು ಎಂಬುದನ್ನು ನೋಡಿ ಮಾತನ್ನು ತಳ್ಳುವುದಿದೆಯಲ್ಲ, ಅದು ಯಾವ ಸೀಮೆಯ ಜಾಣತನ?

ಮಾರನೆಯ ಬೆಳಗ್ಗೆ ಮತ್ತೆ ಅದೇ ಅಂಗಳ. ಗೌಡರ ತಾಯಿಯೂ ಹಬ್ಬಕ್ಕೆಂದು ಹಿಂದಿನ ಸಂಜೆ ಅರಕಲಗೂಡಿನಿಂದ ಬಂದಿದ್ದರು. ಮಾವ ಬಟ್ಟೆಯ ಉಂಡೆ ಕಿತ್ತು, ಉದ್ದದ ಪ್ಲಗ್ಗನ್ನು ಬೆರಳಲ್ಲೇ ತಿರುಪಿದ. ಕಿಕ್ಕಿನ ಪೆಡಲನ್ನು ಕಾಲಲ್ಲಿ ಒದೆಯದೆ ಕೈಯಿಂದ ಮೆಲ್ಲಗೆ ಅದುಮಿದ. ‘ಟಕ್’ ಎಂದು ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಂತಿತು.

“ಕೇಳ್ತಾ, ಸಾ? ಒದ್ದಿದ್ರೆ ಪಿಸ್ಟನ್ನೇ ಒಡದೋಗದು.”

ಪ್ಲಗ್ಗು ಬಿಚ್ಚಿ ತೋರಿಸಿದ. ಕಿಡಿ ಹಾರುವ ಸಂದು ಮುಚ್ಚಿ ಕೊಕ್ಕು ಮಡಿಸಿಕೊಂಡಿತ್ತು. ಗೌಡರು ಭಾಮೈದನನ್ನು ನೋಡಿದರು. ಅವನು, “ಸರಿಯಾಗಿ ಆಕಿಲ್ಲ ಇವ್ನು” ಎನ್ನುತ್ತಾ ಜಗುಲಿಯಿಂದ ಇಳಿದು ಬಂದು ಗಾಡಿಯ ಪಕ್ಕಕ್ಕೆ ಬಗ್ಗಿದ. ತೂತು ತೆರೆದೇ ಇತ್ತು. ಮಾವ ಪೆಡಲನ್ನು ಇನ್ನೊಮ್ಮೆ, ಈ ಸಲ ಕಾಲಿನಿಂದ, ಒತ್ತಿದ. ಒಳಗಿನಿಂದ ಜೇನಿನ ಹಾಗೆ ಮಂದವಾದದ್ದೇನೋ ಪಿಚಕ್ಕನೆ ಚಿಮ್ಮಿ ಭಾಮೈದನ ಬಿಳಿಯ ಅಂಗಿಯ ಎದೆಗೆ ಬಿತ್ತು. ಅಂಗಳದ ತುಂಬ ಹರಳೆಣ್ಣೆಯ ಕಮಟು.

ಮಾವ ಬೆರಳಲ್ಲಿ ಒರೆಸಿ ಮೂಸಿದ. “ನಾನು ಆಕಿದ್ದು ಒಂದು ಚಮಚ ಇಂಜಿನ್ ಎಣ್ಣೆ, ಸಾ. ಇದು ಅರಳೆಣ್ಣೆ. ಪಾವಿಗೆ ಕಮ್ಮಿ ಇಲ್ಲ.”

ಎಲ್ಲರಿಗಿಂತ ಮೊದಲು ಆ ವಾಸನೆ ಹಿಡಿದದ್ದು ಗೌಡರ ತಾಯಿಯ ಮೂಗು. ಸೆರಗು ಸಿಕ್ಕಿಸಿಕೊಂಡು ಹೊಸ್ತಿಲಿಗೆ ಬಂದರು. “ನನ್ನ ಸೀಸೆ ಖಾಲಿಯಾದದ್ದು ಇದಕ್ಕಾ? ಇಲಿ ಉರುಳಿಸ್ತು ಅಂದ್ಯಲ್ಲೋ, ಆಸಾಡದಾಗೆ?” ಎಂದು ಭಾಮೈದನ ಮುಖಕ್ಕೇ ಕೇಳಿದರು.

ಅವನು ಅಂಗಿ ಒರೆಸಿಕೊಳ್ಳುತ್ತಾ, “ಇಂಜಿನ್ನು ಒಣಗಬಾರ್ದು ಅಂತ ಒಸಿ ಬುಟ್ಟೆ…” ಎಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ; ಮೂರು ದಿನ ಇನ್ನೊಬ್ಬನ ತಲೆಗೆ ಕಳ್ಳತನ ಕಟ್ಟಿ ನಿಂತವನ ಮುಖ ಹುಳ್ಳಗಾದದ್ದು ಅಂಗಿ ಕೆಟ್ಟಾಗ ಮಾತ್ರ.

“ಬುಟ್ಟ ಮೇಲೆ ಪ್ಲಗ್ಗೇನಾಯ್ತು?” ಗೌಡರು ಕೇಳಿದರು.

“ಕಿಟಕಿ ಮೇಲೆ ಇಕ್ಕಿದ್ದೆ. ಆಮೇಲೆ ನೋಡ್ದಾಗ ಇರ್ಲಿಲ್ಲ. ನೀವು ಬೈತೀರಿ ಅಂತ ಬಟ್ಟೆ ತುರುಕ್ದೆ.”

“ಕಿಟಕಿ ಮೇಲಿದ್ದ ಕಬ್ಬಿಣದ ಗೂಟವಾ?” ಎಂದರು ತಾಯಿ. “ಬಿಳಿ ಟೋಪಿದು? ಅದು ವಾಡೇಲೈತೆ.”

ವಾಡೆ ಎಂದರೆ ಆಳುದ್ದದ ಮಣ್ಣಿನ ಗುಡಾಣ, ರಾಗಿ ತುಂಬಿಡುವುದು. ಮಳೆಗಾಲದಲ್ಲಿ ಕುಡುಗೋಲು, ಕತ್ತರಿ, ಮಚ್ಚು ಯಾವುದೂ ತುಕ್ಕು ಹಿಡಿಯಬಾರದೆಂದರೆ ನಮ್ಮ ಕಡೆ ಹೆಂಗಸರು ಅದನ್ನು ರಾಗಿಯಲ್ಲಿ ಹೂತಿಡುತ್ತಾರೆ. ಒಣ ರಾಗಿಯೊಳಗೆ ನೀರಿನ ಪಸೆ ಸುಳಿಯುವುದಿಲ್ಲ. ಮನೆಯಲ್ಲಿ ಒಂಟಿಯಾಗಿ ಬಿದ್ದ ಕಬ್ಬಿಣ ಕಂಡ ಮುದುಕಿಯ ಕೈ ತನ್ನ ಪಾಡಿಗೆ ತಾನು ಮಾಡುವ ಕೆಲಸ ಅದು.

ಒಳಗೆ ಹೋಗಿ, ತೋಳನ್ನು ಹೆಗಲವರೆಗೂ ರಾಗಿಯಲ್ಲಿ ಇಳಿಸಿ, ತಡಕಿ, ಪ್ಲಗ್ಗು ತಂದರು. “ಒಬ್ರಾದ್ರೂ ನನ್ನ ಕೇಳಿದ್ರೆ ಯೋಳ್ತಿರ್ನಿಲ್ವಾ? ಅರಕಲಗೂಡೇನು ಕಾಸಿಯಾ? ಒಂದು ಆಳು ಕಳಿಸಿದ್ರೆ ಆಗ್ತಿತ್ತು. ಪಾಪ, ಆ ಮನುಸುನ್ನ ಸುಮ್ಕೆ ಅಂದ್ಬುಟ್ರಲ್ಲೋ” ಎಂದರು. ಹಾಗೆಂದವರು ಅವರೊಬ್ಬರೇ. ಆದರೆ ಅವರೂ ಪ್ಲಗ್ಗನ್ನು ಮಾವನ ಕೈಗೆ ಮುಟ್ಟಿಸಲಿಲ್ಲ. ಗೇಣು ಮೇಲಿನಿಂದ ಬಿಟ್ಟರು, ಅವನು ಬೊಗಸೆಯಲ್ಲಿ ಹಿಡಿದ.

ಪ್ಲಗ್ಗಿಗೆ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಒಳಗಿನ ಪಿಂಗಾಣಿಯ ಸುತ್ತ ಮಾತ್ರ ರಾಗಿ ಕಾಳು ಸಿಕ್ಕಿಕೊಂಡಿದ್ದವು. ಮಾವ ಸೂಜಿಯಿಂದ ಒಂದೊಂದೇ ಕಾಳು ಎಬ್ಬಿಸಿದ. ಇಂಜಿನ್ನಿನೊಳಗಿನ ಹರಳೆಣ್ಣೆಯನ್ನು ಪೆಟ್ರೋಲು ಹಾಕಿ ಮೂರು ಸಲ ತೊಳೆದು ಚೆಲ್ಲಿದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಹನ್ನೊಂದನೆಯ ಒದೆತಕ್ಕೆ, ಗಾಡಿ ಹೊತ್ತಿಕೊಂಡಿತು. ಬಿಳಿಯ ಹೊಗೆ ಜಗುಲಿಯನ್ನೆಲ್ಲ ಮುಚ್ಚಿತು.

ಹೊಗೆಯ ಆಚೆಯಿಂದ ಗೌಡರು ಹೇಳಿದ್ದು ಎರಡೇ ಮಾತು: “ಸಿಕ್ತಲ್ಲ, ಬುಡು.”

ಬಿಡುವುದಂತೆ! ಯಾರು ಏನನ್ನು ಬಿಡಬೇಕು? ಬಲ ಇದ್ದವರ ಮನೆಯಲ್ಲಿ ಕಳೆದುಹೋದ ವಸ್ತುವಿಗೆ ಕಳ್ಳ ಬೇಕು. ವಸ್ತು ಸಿಕ್ಕಿದ ಮೇಲೆ ಕಳ್ಳನೆಂದ ಮಾತಿಗೆ ವಾರಸುದಾರ ಬೇಡ.

ಮಾವ ಕೈ ಒರೆಸಿಕೊಂಡು ಕೇಳಿದ್ದು ಇಷ್ಟೇ: “ಚನ್ನರಾಯಪಟ್ಟಣಕ್ಕೆ ಒಂದು ಮಾತು ಯೋಳಿ ಕಳ್ಸಿ, ಸಾ. ಅಂಗಡೀಲಿ ಅವ್ರ ಡ್ರೈವರು ಕೇಳಿಸ್ಕೊಂಡೋಗವ್ನೆ.”

“ನೋಡಾನ, ನೋಡಾನ” ಎಂದರು ಗೌಡರು. ಹಬ್ಬದ ಗಡಿಬಿಡಿ.

ವಿಜಯದಶಮಿ ಕಳೆಯಿತು. ರಜ ಮುಗಿಯುವ ಮುಂಚೆ ನಾನೇ ಚನ್ನರಾಯಪಟ್ಟಣಕ್ಕೆ ಹೋಗಿ ಆ ಮಾಲೀಕರಿಗೆ ನಡೆದದ್ದನ್ನೆಲ್ಲ ಹೇಳಿದೆ. ಪೂರಾ ಕೇಳಿದರು. “ನೀವು ಯೋಳೋದು ನಿಜವೇ ಇರಬೌದು ಮೇಷ್ಟ್ರೇ. ಆದರೆ ನೀವು ಅವನ ಅಳಿಯ. ಗೌಡ್ರು ಯೋಳ್ಲಿ” ಎಂದರು. ಗೌಡರು ಹೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಆ ಷೆಡ್ಡಿಗೆ ಬೇರೆಯವನು ಬಂದಿದ್ದ. ಒಂದು ಮಾತು ಸಾಕಿತ್ತು. ನಾಲಿಗೆಗೆ ಅದೇನು ಭಾರವೋ ನನಗೆ ಇವತ್ತಿಗೂ ತಿಳಿಯದು. ಮಾವ ಹೊಳೆನರಸೀಪುರದ ದಾರಿಯಲ್ಲಿ ಒಂದು ಹೊಂಗೆ ಮರದ ಕೆಳಗೆ ಸೈಕಲ್ಲು ರಿಪೇರಿಗೆ ಕೂತ.

ಮರುವರ್ಷ ಮೃಗಶಿರಾ ಹತ್ತಿರ ಬಂದಾಗ ಗೌಡರ ಆಳು ಮತ್ತೆ ಬಂದ. ಮಾವ ಅವನಿಗೆ ಹೇಳಿ ಕಳಿಸಿದ: “ನನ್ನ ಕಣ್ಣ ಮುಂದೆ ಇರೋದಾದ್ರೆ ಮಡಗ್ತೀನಿ. ನಾನು ಓಗಬಾರದ ಜಾಗದಾಗಿರೋ ಗಾಡಿಗೆ ನಾನು ಜವಾಬ್ದಾರ ಅಲ್ಲ ಅನ್ನು.” ಎರಡು ದಿನ ಸುದ್ದಿ ಇಲ್ಲ. ಮೂರನೆಯ ದಿನ ಇಬ್ಬರು ಆಳುಗಳು ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ನಮ್ಮ ಕೇರಿಗೆ ಬಂದರು. ನಾಲ್ಕು ತಿಂಗಳು ಅದು ಮಾವನ ಮನೆಯೊಳಗೆ, ಎರಡು ಹುಣಸೆ ಕೊರಡಿನ ಮೇಲೆ ನಿಂತಿತ್ತು.

ಮಾರ್ನಮಿಯ ಹಿಂದಿನ ದಿನ ಮಾವ ಪ್ಲಗ್ಗು ಬಿಚ್ಚಿ, ತೊಳೆದು, ಒರೆಸಿ ಹಾಕಿದ. ಎರಡನೆಯ ಒದೆತಕ್ಕೆ ಹೊತ್ತಿಕೊಂಡಿತು. ಭಾಮೈದ ಬಂದು ಹತ್ತಿ ಹೊರಟ. ದಾರಿ ಇನ್ನೂ ಹಸಿ, ನಿಧಾನವಾಗಿ ಹೋದ. ನಾನೂ ಮಾವನೂ ಹಿಂದೆ ನಡೆದೆವು. ಗೌಡರ ಮನೆಯ ಮುಂದೆ ಒಬ್ಬ ಆಳು ಬಿಂದಿಗೆ ಹಿಡಿದು ಕಾಯುತ್ತಿದ್ದ. ಕೇರಿಯಲ್ಲಿ ನಾಲ್ಕು ತಿಂಗಳು ಇದ್ದ ಗಾಡಿ. ಚಿಮುಕಿಸಿದರೆ ಸಾಲದು ಎಂದು ಪೂರಾ ಬಿಂದಿಗೆ ಅರಿಸಿನದ ನೀರನ್ನು, ಓಡುತ್ತಿದ್ದ ಇಂಜಿನ್ನಿನ ಮೇಲೇ ಸುರಿದ. ಗಾಡಿ ಎರಡು ಸಲ ಕೆಮ್ಮಿ ನಿಂತುಹೋಯಿತು.

ಭಾಮೈದ ಒದ್ದ, ಒದ್ದ, ಬೆವರಿದ. ಜಗುಲಿಯಿಂದ ಗೌಡರು ಕೂಗಿದರು: “ಏನಾಯ್ತು ನೋಡ್ಲಾ!”

“ಪ್ಲಗ್ಗಿಗೆ ನೀರು ನುಗ್ಗೈತೆ, ಸಾ” ಎಂದ ಮಾವ. “ಒಣಗ್ಲಿ.”

ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹಿಂದಿರುಗಿದ. ನಮ್ಮ ಮನೆಗೆ ಬಂದು ಕೈಕಾಲು ತೊಳೆದ. ಅವ್ವ ಮುದ್ದೆ ಇಕ್ಕಿದಳು, ಇಬ್ಬರೂ ಉಂಡೆವು.